ಹಾಸಿಗೆ ಇದ್ದಷ್ಟು

ನೆಲಿದಾಗೆ ಉಣ್ಣೆ ಗೊತ್ತು.
ಮೂಗಿಗೆ ಹಿಡಿದರೆ ಸಾಕು, ಹೇಳುತ್ತಾಳೆ
ಕುರಿ ಯಾವ ದಿಕ್ಕಿನ ಹುಲ್ಲು ಮೇಯ್ದಿತ್ತು,
ಅದರ ಮೇಲೆ ಮಲಗಿದವರು ಗೊರಕೆ ಹೊಡೆದರೋ
ಮಗ್ಗುಲು ಬದಲಿಸುತ್ತ ಬೆಳಗು ಮಾಡಿದರೋ.
ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ,
ಗಂಟುಗಟ್ಟಿದ್ದನ್ನೆಲ್ಲ ಹಿಂಜಿ, ಬಿಸಿಲಿಗೆ ಹರಡಿ,
ಮತ್ತೆ ತುಂಬಿ ಹೊಲಿದು ಕೊಡುವುದು ಅವಳ ಕಸುಬು.
ಉರುಗ್ವೆ ನದಿಯ ದಡದ ಪೈಸಾಂದುವಿನಲ್ಲಿ
ಈಗ ಆ ಕೆಲಸಕ್ಕೆ ಉಳಿದವಳು ಅವಳೊಬ್ಬಳೇ.

ಅವಳಿಗೊಂದು ವೆಬ್‌ಸೈಟು ಮಾಡಿಕೊಟ್ಟವನು ನಾನು, ವಿಲ್ಮಾರ್.
ಕೂಲಿ: ನನ್ನಜ್ಜಿಗೆ ಎರಡು ದಿಂಬು.

ಇಪ್ಪತ್ತೆರಡರ ಹುರುಪು.
ಅಂಗಡಿಯೊಳಗೆ ಒಮ್ಮೆಯೂ ಕಾಲಿಡದೆ
ರಾತ್ರಿಯೆಲ್ಲ ಕೂತು ಅರಮನೆ ಕಟ್ಟಿದೆ.
ಬಾಗಿಲಲ್ಲೇ ಪಿಟೀಲು, ಯಾರೂ ಕೇಳದೆ ತಾನಾಗಿ ನುಡಿಯುವುದು,
ಆಫೀಸಿನಲ್ಲಿ ಕದ್ದು ತೆರೆದವರು ಬೆಚ್ಚಿ ಮುಚ್ಚುವಂತೆ.
ಅಕ್ಷರಗಳ ಮೇಲೆ ತೇಲುವ ಮೋಡ,
ಬೂದಿಯ ಮೇಲೆ ಬೂದಿ ಬಣ್ಣದ ಅಕ್ಷರ.
ಮಂಚದ ಮೇಲೆ ಹಲ್ಲು ಬಿಡುತ್ತ ಕೂತ ದಂಪತಿ,
ಯಾವ ಊರಿನವರೋ, ಬಾಡಿಗೆಗೆ ನಕ್ಕವರು.
ಅದೇ ನಗು, ಆಮೇಲೆ ಕಂಡೆ,
ಪಕ್ಕದ ಬೀದಿಯ ದಂತವೈದ್ಯರ ಪುಟದಲ್ಲೂ ಇತ್ತು.

‘ಜಾಗತಿಕ ಮಟ್ಟದ ನಿದ್ರಾ ಪರಿಹಾರಗಳು’ ಎಂದು ಬರೆದೆ.
‘ನಾವು’ ಎಂದು ಬರೆದೆ.
ಅಲ್ಲಿದ್ದದ್ದು ನೆಲಿದಾ, ಗೇಣುದ್ದದ ಒಂದು ಸೂಜಿ,
ತೋಬಿ ಎಂಬ ನಾಯಿ.
ಫೋನ್ ನಂಬರು? ಇತ್ತು, ಐದು ಪುಟ ದಾಟಿ,
ತಳದಲ್ಲಿ, ಇರುವೆ ಸಾಲಿನ ಹಾಗೆ.
ಒಂದು ಇರುವೆ ಕಡಿಮೆ.

ಕನ್ನಡಕ ಏರಿಸಿ ನೋಡಿದಳು.
‘ಚೆಂದ ಇದೆ ಮಗಾ. ಯಾರ ಅಂಗಡಿ?’

ಚಳಿಗಾಲ ಹಿಡಿಯಿತು. ಯಾರೂ ಬರಲಿಲ್ಲ.
ಜೂನ್ ಕೊನೆಗೆ ಸೇತುವೆಯಾಚೆಯ ಅರ್ಜೆಂಟೀನಾದಿಂದ
ಕಾರಿನ ತಲೆಗೆ ಹಾಸಿಗೆ ಕಟ್ಟಿಕೊಂಡು
ಗಂಡಹೆಂಡತಿ ಬಂದರು, ನನ್ನ ನಕ್ಷೆಯನ್ನೇ ನಂಬಿ.
ನಕ್ಷೆಯಲ್ಲಿ ನಾನು ಗುರುತು ಒತ್ತಿದ ಬೆರಳು
ಎರಡು ನೂಲು ಆಚೆ ಜಾರಿತ್ತು.
ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ?
ಬಂದರು, ನೇರ ನೀರಿಗೇ.

ಗಾಳ ಹಾಕಿ ಕೂತಿದ್ದ ಮುದುಕ ತಿರುಗದೆಯೇ ಹೇಳಿದನಂತೆ:
‘ನೆಲಿದಾ ಎಚೆವೆರಿ ತಾನೆ? ಬೇಕರಿ ದಾಟಿ ಹಸಿರು ಬಾಗಿಲು.
ಗಂಟೆ ಎರಡು ಸಲ ಬಾರಿಸಿ. ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.
ಹನ್ನೆರಡರಿಂದ ನಾಲ್ಕರ ತನಕ ಹೋಗಬೇಡಿ, ಮಲಗಿರುತ್ತಾಳೆ.
ಸ್ಪ್ರಿಂಗಿನದಾದರೆ ಹೋಗಲೇಬೇಡಿ, ಮುಟ್ಟುವುದಿಲ್ಲ.’

ಅರಮನೆಯಲ್ಲಿ ಇಲ್ಲದ್ದೆಲ್ಲ
ಮೀನು ಹಿಡಿಯುವವನ ಬಾಯಲ್ಲಿತ್ತು.

ಮರುದಿನ ಮುಖ ಸಣ್ಣ ಮಾಡಿಕೊಂಡು ಹೋದೆ.
ಬೈಯಲಿಲ್ಲ. ಒಂದು ತೆಕ್ಕೆ ಉಣ್ಣೆ ಮಡಿಲಿಗೆ ಸುರಿದು
‘ಕೈ ಸುಮ್ಮನಿರಬಾರದು, ಹಿಂಜು’ ಎಂದಳು.
ಮುಳ್ಳು ಬಂತು, ತಲೆಪಿನ್ನು ಬಂತು,
ಚಲಾವಣೆ ನಿಂತ ಒಂದು ಪೆಸೊ ಬಂತು.
ಸಂಜೆಗೆ ಹಿಡಿಯಷ್ಟಿದ್ದದ್ದು ಬುಟ್ಟಿ ತುಂಬಿತ್ತು,
ನಾನೇನೂ ಸೇರಿಸಿರಲಿಲ್ಲ.

ಆ ರಾತ್ರಿ ಪಿಟೀಲು ನಿಲ್ಲಿಸಿದೆ. ಮೋಡ ಚದುರಿಸಿದೆ.
ಹಲ್ಲಿನ ದಂಪತಿಯನ್ನು ಅವರ ಮನೆಗೆ ಕಳಿಸಿದೆ.
‘ನಾವು’ ಅಳಿಸಿ ‘ನಾನು’ ಬರೆದೆ, ಅವಳ ಬಾಯಲ್ಲಿ ಕೇಳಿ.
ಒಂದೇ ಪುಟ. ತಲೆಯಲ್ಲೇ ನಂಬರು,
ಅಂಕಿ ಅಂಕಿ ಎಣಿಸಿ, ನಾನೇ ಕರೆ ಮಾಡಿ ನೋಡಿದ್ದು.
ಒಂಟಿ ಹಾಸಿಗೆಗೆ ಇಷ್ಟು, ಜೋಡಿಗೆ ಇಷ್ಟು.
ಚಿತ್ರ ಒಂದೇ: ಸೂಜಿ ಹಿಡಿದ ಅವಳ ಕೈ,
ಹೆಬ್ಬೆರಳಿನ ಬಟ್ಟೆಪಟ್ಟಿಯ ಸಮೇತ.
ಅಜ್ಜಿಯ ಒಡಕು ಗಾಜಿನ ಹಳೇ ಫೋನಿನಲ್ಲಿ
ತಡವರಿಸದೆ ತೆರೆಯುವವರೆಗೂ ನಿದ್ದೆ ಮಾಡಲಿಲ್ಲ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುವುದು
ಸಾಲಗಾರರಿಗೆ ಹೇಳಿದ ಮಾತೆಂದುಕೊಂಡಿದ್ದೆ.

ಈಗ ಜನ ಬರುತ್ತಾರೆ. ತುಂಬಾ ಅಲ್ಲ, ಅವಳ ಕೈಗೆ ಸಾಕಷ್ಟು.

ಆದರೂ ಆಗಸ್ಟಿನಲ್ಲಿ ಅವಳು ತಂಗಿಯ ಊರಿಗೆ ಹೋದಾಗ
‘ಮುಚ್ಚಿದೆ’ ಎಂದು ಬರೆಯಲು ಮರೆತೆ.
ಯಾರೋ ಎರಡು ಸಲ ಗಂಟೆ ಬಾರಿಸಿ, ಕಾದು,
ಹಾಸಿಗೆಯನ್ನು ಬಾಗಿಲ ಮಾಡಿನಡಿ ಬಿಟ್ಟುಹೋಗಿದ್ದರು.
ತೋಬಿ ಮೂರು ದಿನ ಅದರ ಮೇಲೆ ಮಲಗಿತ್ತಂತೆ,
ಬೊಗಳಲೂ ಇಲ್ಲವಂತೆ.